ವೃಷಭಾಯದ ಆಂಟೆನಾ

ಮೂರನೆಯ ಆಂಟೆನಾವೂ ಕೈಕೊಟ್ಟಿತು.

ಮಂಗಳವಾರ ಸಂಜೆ ನಾಲ್ಕೂವರೆ. ಮಂಡ್ಯದ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ಮಹಡಿಯ ಲ್ಯಾಬಿನಲ್ಲಿ ಪ್ರಿಯಂವದಾ ಮೇಡಂ ಅಳೆಯುವ ಯಂತ್ರದ ಪರದೆ ನೋಡುತ್ತ ನಿಂತಿದ್ದರು. ಪರದೆಯ ನಡುವೆ ಒಂದು ಅಡ್ಡಗೆರೆ. ಆಂಟೆನಾದ ಗೆರೆ ಈ ತುದಿಯಿಂದ ಆ ತುದಿಯವರೆಗೆ ಅದರ ಕೆಳಗೇ ಹರಿಯಬೇಕು. ಹಾಗೆ ಹರಿದರೆ ಆ ಆಂಟೆನಾಕ್ಕೆ ಎಲ್ಲ ಅಲೆಗಳೂ ಕೇಳಿಸುತ್ತವೆ ಎಂದು ಅರ್ಥ. ನಮ್ಮದು ಎರಡೇ ಕಡೆ ಕೆಳಗಿಳಿದು, ಉಳಿದ ಕಡೆಯೆಲ್ಲ ಮುನಿಸಿಕೊಂಡ ಬೀಗರ ಹಾಗೆ ಮೇಲೆಯೇ ಕೂತಿತ್ತು.

"ರಂಗ ಸರ್, ಇವತ್ತು ತಾರೀಕು ಎಷ್ಟು?" ಅಂದರು ಮೇಡಂ.

"ಹನ್ನೆರಡು."

"ಹದಿನೆಂಟಕ್ಕೆ ಅವರು ಬರ್ತಾರೆ."

ಮೇಡಂ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ ಏಳು ವರ್ಷವಾಗಿತ್ತು. ವಿಶ್ವವಿದ್ಯಾಲಯ ಎರಡು ಸಲ ಗಡುವು ಮುಂದೂಡಿತ್ತು. ಮೂರನೆಯ ಪತ್ರದಲ್ಲಿ 'ಇದೇ ಅಂತಿಮ' ಎಂದು ದಪ್ಪಕ್ಷರದಲ್ಲಿ ಬರೆದು, ಸಾಲದ್ದಕ್ಕೆ ಕೆಳಗೆ ಗೆರೆಯನ್ನೂ ಎಳೆದಿದ್ದರು. ಸೋಮವಾರ ಹದಿನೆಂಟಕ್ಕೆ ಹೊರಗಿನ ಪರೀಕ್ಷಕರು ಬಂದು, ಆಂಟೆನಾವನ್ನು ತಾವೇ ಯಂತ್ರಕ್ಕೆ ಜೋಡಿಸಿ ನೋಡುತ್ತಾರೆ. ಗೆರೆ ಕೆಳಗಿದ್ದರೆ ಡಾಕ್ಟರ್ ಪ್ರಿಯಂವದಾ. ಮೇಲಿದ್ದರೆ ನೋಂದಣಿ ರದ್ದು. ಏಳು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಾನು ಆ ಲ್ಯಾಬಿನ ಇನ್‌ಸ್ಟ್ರಕ್ಟರ್, ಕಸ್ತೂರಿರಂಗ. ಯಂತ್ರಗಳ ಧೂಳು ಒರೆಸುವುದು, ವಿದ್ಯಾರ್ಥಿಗಳು ಸುಟ್ಟದ್ದನ್ನು ಪಟ್ಟಿ ಮಾಡುವುದು, ಹೊರಗೆ ಮಾಡಿಸುವ ಸಾಮಾನನ್ನು ಬಸ್ಸಿನಲ್ಲಿ ತರುವುದು ನನ್ನ ಪಾಲಿನ ಕೆಲಸ. ಬಸರಾಳಿನ ನಮ್ಮ ಮನೆಯಲ್ಲಿ ತಾತ ಸಂಜೆ ಹೊತ್ತು ಕಾವ್ಯ ಓದಿ ಹಾಡುತ್ತಿದ್ದರು. ನಾನು ಕಂಬಕ್ಕೊರಗಿ ಕೇಳುತ್ತಿದ್ದೆ. ಆ ಅಭ್ಯಾಸ ಹೋಗಿಲ್ಲ. ಇಂದಿಗೂ ಕೇಳುವುದು ಹೆಚ್ಚು, ಆಡುವುದು ಕಡಿಮೆ. ಈ ಕಥೆಯಲ್ಲಿ ನಾನು ಆಡಿದ ಒಂದೇ ಒಂದು ಮಾತು ಎಂಥ ಅನಾಹುತ ಮಾಡಿತೆಂದು ಮುಂದೆ ಗೊತ್ತಾಗುತ್ತದೆ.

ಆಂಟೆನಾ ಬೇಕಾಗಿದ್ದದ್ದು ಕೊಕ್ಕರೆ ಬೆಳ್ಳೂರಿಗೆ. ಅಲ್ಲಿ ಪಕ್ಷಿಗಳನ್ನು ಅಧ್ಯಯನ ಮಾಡುವ ಒಂದು ತಂಡ ಕೊಕ್ಕರೆಗಳ ಕಾಲಿಗೆ ಪುಟ್ಟ ರೇಡಿಯೊ ಬಳೆ ತೊಡಿಸುತ್ತದೆ. ಒಂದು ವರ್ಷ ಒಂದು ಕಂಪನಿಯ ಬಳೆ, ಮರುವರ್ಷ ಇನ್ನೊಂದರದು. ಒಂದೊಂದು ಬಳೆ ಒಂದೊಂದು ಶ್ರುತಿಯಲ್ಲಿ ಕೂಗುತ್ತದೆ, ಒಂದೊಂದು ಶ್ರುತಿಗೆ ಒಂದೊಂದು ಆಂಟೆನಾ. ತಂಡದವರ ತಾರಸಿಯ ಮೇಲೆ ಆಂಟೆನಾಗಳು ಏಳಾಗಿ, ಕೊಕ್ಕರೆಗಳು ಮರ ಬಿಟ್ಟು ಅವುಗಳ ಮೇಲೆಯೇ ಕೂರಲು ಶುರು ಮಾಡಿದ್ದವು. ಎಲ್ಲ ಶ್ರುತಿಗಳನ್ನೂ ಕೇಳುವ ಒಂದೇ ಆಂಟೆನಾ ಮಾಡುತ್ತೇನೆ ಎಂದು ಮೇಡಂ ಹೊರಟಿದ್ದರು. ಅದಕ್ಕೆ ವೈಡ್‌ಬ್ಯಾಂಡ್ ಆಂಟೆನಾ ಎಂದು ಹೆಸರು.

ಅದರ ಆಕಾರವನ್ನು ಮೇಡಂ ತಾವು ಬರೆಯಲಿಲ್ಲ. ಕಂಪ್ಯೂಟರಿಗೆ ಹೆರಲು ಬಿಟ್ಟರು. ಅದು ಹೀಗೆ. ಒಂಬತ್ತು ತುಂಡು ತಂತಿಯನ್ನು ಹೇಗೆ ಹೇಗೋ ಜೋಡಿಸಿದ ಇನ್ನೂರು ಆಕಾರಗಳನ್ನು ಕಂಪ್ಯೂಟರ್ ಕಣ್ಣುಮುಚ್ಚಿ ಹುಟ್ಟಿಸುತ್ತದೆ. ಪ್ರತಿಯೊಂದಕ್ಕೂ ಎಷ್ಟು ಕಿವಿ ಕೇಳುತ್ತದೆಂದು ಲೆಕ್ಕ ಹಾಕುತ್ತದೆ. ಕಿವುಡಾದದ್ದನ್ನು ಅಳಿಸಿ, ಚೆನ್ನಾಗಿ ಕೇಳುವ ಎರಡೆರಡನ್ನು ಕೂಡಿಸಿ ಮರಿ ಮಾಡುತ್ತದೆ: ಅರ್ಧ ಅಪ್ಪನದು, ಅರ್ಧ ಅಮ್ಮನದು, ಎಲ್ಲೋ ಒಂದು ಕಡೆ ಸುಮ್ಮನೆ ಒಂದು ಚೂರು ಬದಲು. ಮತ್ತೆ ಅಳತೆ, ಮತ್ತೆ ಅಳಿಸುವಿಕೆ, ಮತ್ತೆ ಮರಿ. ಹೀಗೆ ಸಾವಿರಾರು ತಲೆಮಾರು. ನನಗೆ ಇದು ತಟ್ಟನೆ ಅರ್ಥವಾಯಿತು. ಹಾಡುವವರ ಬಾಯಿಂದ ಬಾಯಿಗೆ ಪದ್ಯ ಸಾಗುವಾಗ ಆಗುವುದೂ ಇದೇ ತಾನೆ? ಒಬ್ಬೊಬ್ಬರೂ ಒಂದಕ್ಷರ ತಪ್ಪುತ್ತಾರೆ. ಕೇಳುವವರ ತಲೆ ಯಾವುದಕ್ಕೆ ತೂಗುತ್ತದೋ ಅದು ಉಳಿಯುತ್ತದೆ.

ಹನ್ನೊಂದು ದಿನ ಲ್ಯಾಬಿನ ಎಲ್ಲ ಕಂಪ್ಯೂಟರುಗಳೂ ಹಗಲಿರುಳು ಓಡಿದವು. ಗುಡಿಸಲು ಬರುವ ಅಂಕಮ್ಮ ದಿನಾ ಬೆಳಿಗ್ಗೆ ಬಾಗಿಲಲ್ಲೇ ನಿಂತು, "ಇನ್ನೂ ಎರ್ಲಿಲ್ವಾ ಮೇಡಂ? ಇದೇನ್ ಆನೆ ಬಸುರಾ?" ಎಂದು ಕೇಳುತ್ತಿದ್ದಳು. ಕೊನೆಗೆ ಹುಟ್ಟಿದ್ದು ಯಾರೋ ಸಿಟ್ಟಿನಲ್ಲಿ ಮುರಿದು ಎಸೆದ ಕೊಡೆಯ ಕಡ್ಡಿಯಂಥ ಒಂದು ಸೊಟ್ಟ ವಸ್ತು. ಲೆಕ್ಕದಲ್ಲಿ ಮಾತ್ರ ಅದು ಅಪ್ಪಟ ಬಂಗಾರ. ನಕ್ಷೆಯಲ್ಲಿ ಒಂಬತ್ತು ಉದ್ದ, ಎಂಟು ಕೋನ. ನಲವತ್ತೆರಡು ಪಾಯಿಂಟ್ ಆರು ಮಿಲಿಮೀಟರ್, ಇಪ್ಪತ್ನಾಲ್ಕು ಪಾಯಿಂಟ್ ಮೂರು, ಹೀಗೆ.

ಮೂರು ಮಿಲಿಮೀಟರ್ ದಪ್ಪದ ತಾಮ್ರದ ತಂತಿ ನಮ್ಮ ಲ್ಯಾಬಿನ ಬೆಸುಗೆ ಕಡ್ಡಿಗೆ ಬಿಸಿಯೂ ಆಗುವುದಿಲ್ಲ. ಬೆಂಗಳೂರಿನ ಕಂಪನಿಯವರು ಮೂರು ವಾರ ಬೇಕು ಎಂದರು. ಹಾಗಾಗಿ ಸೋಮನಹಳ್ಳಿಯ ಕೆಂಪರಾಜು.

ಕೆಂಪರಾಜುವಿನದು ಹೆದ್ದಾರಿ ಪಕ್ಕದ ತಗಡಿನ ಶೆಡ್ಡು. ರೇಷ್ಮೆ ನೂಲು ಬಿಚ್ಚುವ ಘಟಕಗಳಿಗೆ ತಾಮ್ರದ ಕೊಳವೆ ಬೆಸೆದು ಕೊಡುತ್ತಾನೆ. ಅವನ ತಂದೆ ಕೆಂಪಸಿದ್ದಯ್ಯ ಮನೆಗಳಿಗೆ ಬಾಗಿಲು ಕೂರಿಸುವುದರಲ್ಲಿ ಹೆಸರಾದವರು. ಬೆಸೆದ ಗಂಟು ಎಲ್ಲಿದೆ ಎಂದು ಬೆರಳಾಡಿಸಿದರೂ ಗೊತ್ತಾಗದ ಹಾಗೆ ಕೆಂಪರಾಜು ಕೆಲಸ ಮಾಡುತ್ತಿದ್ದ. ಮೊದಲ ಆಂಟೆನಾ ನಾನೇ ತಂದೆ. ಸೋತಿತು. ಮೇಡಂ ಯಾರ ಮೇಲೂ ಅನುಮಾನ ಪಡುವವರಲ್ಲ. ತಮ್ಮ ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದು ಮತ್ತೆ ಹನ್ನೊಂದು ದಿನ ಓಡಿಸಿದರು. ಎರಡನೆಯದೂ ಸೋತಿತು. ಮತ್ತೆ ಹನ್ನೊಂದು ದಿನ. ಈಗ ಮೂರನೆಯದು.

"ಕುಯ್ದು ನೋಡೋಣ ಸರ್," ಎಂದರು ಮೇಡಂ. "ಒಂದೊಂದು ತುಂಡೂ ಬೇರೆ ಬೇರೆ ಅಳೆಯೋಣ."

ಅಷ್ಟು ಚೆಂದದ ಬೆಸುಗೆಯ ಮೇಲೆ ಗರಗಸ ಇಡಲು ಮನಸ್ಸು ಬರಲಿಲ್ಲ. ದೇವರ ಹೆಸರು ಹೇಳಿ ಕುಯ್ದೆ. ಮೇಡಂ ಒಂದೊಂದೇ ತುಂಡನ್ನು ಅಳೆದು ಗಟ್ಟಿಯಾಗಿ ಹೇಳಿದರು, ನಾನು ಬರೆದುಕೊಂಡೆ.

"ನಲವತ್ತೈದು. ಇಪ್ಪತ್ತೊಂದು. ಐವತ್ತಮೂರು. ಹದಿಮೂರು."

ನನ್ನ ಪೆನ್ನು ನಿಧಾನವಾಯಿತು.

"ಇಪ್ಪತ್ತೊಂಬತ್ತು. ಮೂವತ್ತೇಳು. ಬರೀತಿದ್ದೀರಾ ಸರ್? ಇದೇನಿದು, ಒಂದಾದರೂ ನಮ್ಮ ನಕ್ಷೆಯಲ್ಲಿರೋದು ಅಲ್ಲ. ಒಂದಕ್ಕೆ ಎರಡು ಮಿಲಿಮೀಟರ್ ಹೆಚ್ಚು, ಒಂದಕ್ಕೆ ಮೂರು ಕಡಿಮೆ. ಹೆಚ್ಚು ಕಡಿಮೆ ಒಂದಕ್ಕೊಂದು ವಜಾ ಆಗಿ ಒಟ್ಟು ಉದ್ದ ಮಾತ್ರ ಸರಿ ಬಂದಿದೆ."

ಅವರು ಸಂಖ್ಯೆ ಹೇಳುತ್ತಿದ್ದರೆ ನನ್ನ ಕಿವಿಗೆ ಬೇರೆಯೇ ಕೇಳಿಸುತ್ತಿತ್ತು. ಎಂಟರಿಂದ ಭಾಗಿಸಿದರೆ ಐದು ಉಳಿಯುವ ಸಂಖ್ಯೆ. ಮುಂದಿನದೂ ಐದು. ಅದರ ಮುಂದಿನದೂ. ವೃಷಭ, ವೃಷಭ, ವೃಷಭ.

"ಮೇಡಂ, ಒಂದು ಮಾತು ಹೇಳಬೇಕು," ಎಂದೆ.

ಎರಡನೆಯ ಆಂಟೆನಾ ತರಲು ಹೋದಾಗ ಕೆಂಪರಾಜು ತಂತಿ ಅಳೆಯುತ್ತ ಏನನ್ನೋ ಗುನುಗುತ್ತಿದ್ದ. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ. ಆಯದ ಪದ್ಯ. ಮನೆ ಕಟ್ಟುವವರು ಬಾಗಿಲಿಗೆ ಅಳತೆ ಇಡುವಾಗ ಅದನ್ನು ಎಂಟರಿಂದ ಭಾಗಿಸಿ ಉಳಿದದ್ದನ್ನು ನೋಡುತ್ತಾರೆ. ಒಂದು ಉಳಿದರೆ ಬಾವುಟ, ಮೂರು ಸಿಂಹ, ಐದು ಬಸವ, ಏಳು ಆನೆ. ಇವು ನಾಲ್ಕೂ ಶುಭ. ಹೊಗೆ, ನಾಯಿ, ಕತ್ತೆ, ಏನೂ ಉಳಿಯದೆ ಕಾಗೆ ಬಂದರೆ ಬಾಗಿಲು ಇಡುವುದಿಲ್ಲ. ತಾತ ಇದನ್ನು ರಾಗವಾಗಿ ಹೇಳಿಕೊಡುತ್ತಿದ್ದರು. ಕೆಂಪರಾಜು ಎಂಟನೆಯದು ನೆನಪಾಗದೆ ತೊಡರಿ ನಿಂತ. ಅಷ್ಟು ವರ್ಷದ ಮೇಲೆ ಆ ಪದ್ಯ ಕಿವಿಗೆ ಬಿದ್ದ ಸಂತೋಷಕ್ಕೆ ನಾನು ಬೆಂಚಿನ ಮೇಲೆ ಕೂತಲ್ಲಿಂದಲೇ "ಕಾಕ" ಎಂದೆ. ಅವನು, "ಊ ಸ್ವಾಮಿ, ಕಾಕ. ನೋಡಿ, ಈ ಇಪ್ಪತ್ನಾಕು ಅದೇಯ," ಎಂದು ತಂತಿಯನ್ನು ಮೂರು ಮಿಲಿಮೀಟರ್ ಕತ್ತರಿಸಿದ. ನಾನು ತಲೆದೂಗಿದೆ. ಪದ್ಯಕ್ಕೆ ತೂಗಿದ್ದು.

ಮೇಡಂ ಕೈಯಲ್ಲಿದ್ದ ತುಂಡನ್ನು ಮೇಜಿನ ಮೇಲಿಟ್ಟರು. ಆಮೇಲೆ, "ನೀವು ಎದುರಿಗೇ ಕೂತಿದ್ರಿ," ಎಂದರು.

"ಕೂತಿದ್ದೆ."

"ಹೇಳಿಕೊಟ್ರಿ."

"ಒಂದೇ ಪದ ಮೇಡಂ."

ಮರುದಿನ ಬೆಳಿಗ್ಗೆ ಇಬ್ಬರೂ ಸೋಮನಹಳ್ಳಿಗೆ ಹೋದೆವು. ಶೆಡ್ಡಿನ ಮುಂದೆ ಒಂದು ಲಾರಿ ಟೈರಿನ ಮೇಲೆ ಮುದುಕರೊಬ್ಬರು ಬೀಡಿ ಸೇದುತ್ತ ಕೂತಿದ್ದರು. ಕೆಂಪರಾಜುವಿಗೆ ಹೆಣ್ಣು ಕೊಟ್ಟ ಮಾವ, ಲಿಂಗಯ್ಯ. ಮಳವಳ್ಳಿ ಕಡೆಯ ಹಳ್ಳಿಯವರು, ಬಂಡೂರು ಕುರಿ ಸಾಕುವವರು. ಕುರಿ ದೊಡ್ಡಿಗೆ ಗೇಟು ಮಾಡಿಸಿಕೊಂಡು ಹೋಗಲು ಬಂದಿದ್ದರು.

"ಬನ್ನಿ ಮೇಡಮ್ಮೋರೆ, ಬನ್ನಿ ಸ್ವಾಮಿ," ಎಂದು ಕೆಂಪರಾಜು ಎರಡು ಪ್ಲಾಸ್ಟಿಕ್ ಕುರ್ಚಿ ಒರೆಸಿದ. "ಪಾಸಾಯ್ತಾ?"

"ಇಲ್ಲ ಕೆಂಪರಾಜು. ನಾನು ಬರೆದ ಅಳತೆಯೇ ಬೇರೆ, ನೀವು ಕತ್ತರಿಸಿದ್ದೇ ಬೇರೆ."

ಅವನಿಗೆ ನಾಚಿಕೆಯೇನೂ ಆಗಲಿಲ್ಲ. "ಊ ಕಣಮ್ಮ. ನೀವು ಬರ್ದಿದ್ರಲ್ಲಿ ಆಯನೇ ಕೂಡ್ತಿರ್ಲಿಲ್ಲ. ಒಂದು ಕಾಗೆ, ಒಂದು ನಾಯಿ, ಎಲ್ಡು ವೊಗೆ. ಇಂಗ್ಲೀಸಲ್ಲಿ ಓದಿರೋರಿಗೆ ಇವೆಲ್ಲ ಎಂಗ್ ಗೊತ್ತಾಯ್ತದೆ? ಏಳಿ ಯಾಕ್ ಬೇಜಾರ್ ಮಾಡದು ಅಂತ ನಾನೇ ಸರಿ ಮಾಡಿ ಕಳಿಸ್ದೆ. ಮೂರು ದಪಾನೂವೆ."

ನನಗೊಂದು ಸಂದೇಹ ರಾತ್ರಿಯಿಂದ ಕೊರೆಯುತ್ತಿತ್ತು. "ಕೆಂಪರಾಜು, ಮೂವತ್ತೊಂದು ಗಜಾಯ. ಶುಭವೇ. ಅದನ್ನ ಯಾಕೆ ಇಪ್ಪತ್ತೊಂಬತ್ತು ಮಾಡಿದೆ?"

ಮೇಡಂ ನನ್ನತ್ತ ಒಮ್ಮೆ ನೋಡಿದರು.

"ಅದೇನೋ ದಿಟವೇಯ ಸ್ವಾಮಿ. ಆದ್ರೆ ಅದ್ರ ಪಕ್ಕದಲ್ಲೇ ಮೂವತ್ತೈದು ಐತಲ್ಲ, ಸಿಂಹ. ಆನೆನೂ ಸಿಂಹನೂ ಒಂದೇ ತಂತೀಲಿ ಕಟ್ಟಾಕುದ್ರೆ ಸುಮ್ಕಿದ್ದಾವಾ? ಅದ್ಕೇಯ ಎಲ್ಲಾನೂ ಬಸವ ಮಾಡ್ಬುಟ್ಟೆ. ಬಸವ ಸಾದು. ಒಂಬತ್ತು ಬಸವ ಕೂಡುದ್ರೂ ಮೊತ್ತನೂ ಬಸವನೇ ಬತ್ತದೆ, ಲೆಕ್ಕ ಆಕಿ ನೋಡಿ."

ಮೇಡಂ ಬೇಡವೆಂದರೂ ಅವರ ತುಟಿ ಅಲುಗಿತು. ಒಂಬತ್ತೈದಲಿ ನಲವತ್ತೈದು, ಎಂಟೈದಲಿ ನಲವತ್ತು. "ಹೌದು," ಎಂದುಬಿಟ್ಟರು. ಆಮೇಲೆ ಎಚ್ಚೆತ್ತು, "ಆದರೆ ಇದು ಮನೆ ಬಾಗಿಲಲ್ಲ ಕೆಂಪರಾಜು," ಎಂದರು.

"ಬಾಗ್ಲಲ್ದೆ ಇನ್ನೇನು? ಅದ್ರೊಳಗಿಂದ ಅಲೆ ಬತ್ತದೆ ಓಯ್ತದೆ ಅಂತ ನೀವೇ ಏಳಿದ್ರಿ. ಬರದು ಓಗದು ಇದ್ರೆ ಅದು ಬಾಗ್ಲೇಯ."

"ಇದೊಂದು ಸಲ ನಾನು ಬರೆದ ಹಾಗೇ ಮಾಡಿಕೊಡಿ."

"ಆಗಕ್ಕಿಲ್ಲ ಕಣಮ್ಮ. ನಮ್ಮಪ್ಪ ಸುತ್ತ ಮೂವತ್ತಳ್ಳಿಗೆ ಬಾಗ್ಲು ಕೂರ್ಸವ್ನೆ. ಕಾಕಾಯದ್ದು ಒಂದಿಲ್ಲ. ಗ್ಯಾಸು ಬೆಸುಗೆ ಕಲ್ತೆ ಅಂತ ನಾನು ಆಯ ಬುಟ್ಬುಡಕ್ಕಾಯ್ತದಾ? ಸೋಮವಾರ ನೀವು ಪೇಲಾದ್ರೆ ಆ ಪಾಪ ಯಾರ್ಗೆ ಸುತ್ಕತದೆ?"

"ನಿಮ್ಮ ಆಯದಿಂದಲೇ ನಾನು ಫೇಲಾಗ್ತಿರೋದು."

"ಅಂಗನ್ಬ್ಯಾಡಿ. ಆಯ ಕೂಡಿರೋ ಸಾಮಾನು ಪೇಲಾಗಕ್ಕಿಲ್ಲ. ನಿಮ್ ಡ್ರಾಯಿಂಗಲ್ಲೇ ಏನೋ ಐಬೈತೆ."

ಮೇಡಂ ಕುರ್ಚಿಯ ಅಂಚಿಗೆ ಬಂದಿದ್ದರು. ಅವರ ದನಿ ಏರುವುದನ್ನು ಆ ಏಳು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅಂದೂ ಏರಲಿಲ್ಲ, ಇನ್ನಷ್ಟು ಇಳಿಯಿತು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಷ್ಟರಲ್ಲಿ ಟೈರಿನ ಮೇಲಿಂದ ಲಿಂಗಯ್ಯ ಕೆಮ್ಮಿದರು.

"ಅಲ್ಲ ಕಣವ್ವ, ನಾನೂ ಆಗ್ಲಿಂದ ನೋಡ್ತಾ ಇವ್ನಿ. ಈ ಸೊಟ್ಟ ತಂತಿ ಬರ್ದೋರು ಯಾರು?"

"ಯಾರೂ ಬರೆದಿದ್ದಲ್ಲ ತಾತ," ಎಂದರು ಮೇಡಂ. ಹೋಗಲಿ ಎಂಬಂತೆ, ತರಗತಿಯಲ್ಲಿ ಹೇಳುವುದನ್ನೇ ಸರಳ ಮಾಡಿ ಹೇಳಿದರು. ಇನ್ನೂರು ಹುಟ್ಟಿಸುವುದು, ಒಳ್ಳೆಯದನ್ನು ಆರಿಸುವುದು, ಕೂಡಿಸುವುದು, ಮರಿಗಳಲ್ಲಿ ಮತ್ತೆ ಆರಿಸುವುದು.

ಲಿಂಗಯ್ಯ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು. "ಇದು ತಗರು ಆರ್ಸದು ಅನ್ನು. ಇದ್ಕೆ ಏಳ್ವರ್ಸ ಓದ್ಬೇಕಾ?"

ಕೆಂಪರಾಜು, "ಮಾವ, ನಿಂಗೆ ಗೊತ್ತಾಗಕ್ಕಿಲ್ಲ ಸುಮ್ಕಿರು," ಎಂದ.

"ನಂಗ್ ಗೊತ್ತಾಗ್ದೆ ನಿಂಗ್ ಗೊತ್ತಾದದಾ ಅಳೀಮಯ್ಯ? ನಮ್ ತಾತನ ಕಾಲದಿಂದ ಇದೇ ಕಸುಬು. ಇರವ್ವ, ಒಂದ್ಮಾತು ಏಳು. ಆರ್ಸುವಾಗ ನಿನ್ ಕಂಪೂಟ್ರಿಗೆ ಏನೇನ್ ಬೇಕು ಅಂತ ಕೇಳಿದ್ದೆ?"

"ಎಲ್ಲ ಅಲೆಯೂ ಕೇಳಿಸಬೇಕು ಅಂತ."

"ಆಯನೂ ಕೂಡ್ಬೇಕು ಅಂತ ಕೇಳಿದ್ಯಾ?"

"ಇಲ್ಲ. ಅದು ಯಾಕೆ..."

"ಕೇಳ್ದಿದ್ ಮೇಲೆ ಅದು ಎಂಗ್ ಕೊಟ್ಟದು? ನೋಡವ್ವ, ಬಂಡೂರು ಕುರೀಗೆ ಕಾಲು ಕುಳ್ಳಾಗಿರ್ಬೇಕು, ಮೈಯಿ ಪೀಪಾಯಿ ಇದ್ದಂಗಿರ್ಬೇಕು. ನೋಡಕ್ಕೆ ಚೆಂದೇನಿಲ್ಲ, ಆದ್ರೆ ಅದೇ ಬೇಕು. ಉದ್ದ ಕಾಲಿನ ಮರಿ ಉಟ್ತು ಅನ್ಕೊ. ಆಮೇಲೆ ಮಚ್ಚು ತಕ್ಕಂಡು ಕಾಲು ಕೂದ್ರೆ ಅದು ಬಂಡೂರು ಆಯ್ತದಾ? ಕುಂಟ ಕುರಿ ಆಯ್ತದೆ." ಅಳಿಯನ ಕಡೆಗೆ ಗದ್ದ ತಿರುಗಿಸಿದರು. "ಇವ್ನು ಮಾಡಿರದು ಅದೇಯ. ಮೂರ್ ಮರೀಗೂ ಕಾಲ್ ಕೂದವ್ನೆ. ಆಯ ಬೇಕು ಅಂದ್ರೆ ತಗರು ಆರ್ಸುವಾಗ್ಲೇ ಕೇಳ್ಕಬೇಕು."

ಕೆಂಪರಾಜು ಮೊದಲ ಸಲ ತಲೆ ತಗ್ಗಿಸಿದ. ನಕ್ಷೆಯ ಎದುರು ಸೋಲದವನು ಕುರಿಯ ಎದುರು ಸೋತ.

ಮೇಡಂ ಚೀಲದಿಂದ ಪೆನ್ನು ತೆಗೆದರು. ಆಮೇಲೆ, "ಒಂದು ರಟ್ಟು ಇದ್ದರೆ ಕೊಡಿ," ಎಂದರು. ಕೆಂಪರಾಜು ಬೆಸುಗೆ ಕಡ್ಡಿಯ ಪೆಟ್ಟಿಗೆ ಹರಿದುಕೊಟ್ಟ. ಅದರ ಮೇಲೆ ಬರೆದರು: ಐದು, ಹದಿಮೂರು, ಇಪ್ಪತ್ತೊಂದು, ಇಪ್ಪತ್ತೊಂಬತ್ತು, ಮೂವತ್ತೇಳು, ನಲವತ್ತೈದು, ಐವತ್ತಮೂರು.

"ಕೆಂಪರಾಜು, ಇವೇ ಏಳು ಅಳತೆ. ಎಲ್ಲ ಬಸವ. ಈ ಏಳರಲ್ಲೇ ಕಂಪ್ಯೂಟರ್ ಆರಿಸಿಕೊಟ್ಟರೆ ಕೂದಲೆಳೆಯಷ್ಟೂ ಬದಲಾಯಿಸದೆ ಮಾಡ್ತೀರಾ?"

"ಬದಲಾಯ್ಸಕ್ಕೆ ಏನೈತೆ ಇನ್ನ? ಎಲ್ಲಾ ಬಸವನೇ ಅಲ್ವಾ?"

"ಕೋನ? ಮೂವತ್ತೇಳು ಪಾಯಿಂಟ್ ನಾಲ್ಕು ಡಿಗ್ರಿ ಅಂತ ಕೊಟ್ಟಿದ್ದೆನಲ್ಲ, ಅದನ್ನ ಹೇಗೆ ಇಟ್ಟಿರಿ?"

"ಅದ ಯಾರ್ ಕಂಡವ್ರೆ ಮೇಡಮ್ಮೋರೆ. ನನ್ ಕೋನ ಅಳ್ಯೋ ತಟ್ಟೇಲಿ ಇರದು ಐದೈದಕ್ಕೆ ಒಂದು ಗೀಟು. ಅತ್ರದ ಗೀಟ್ಗೆ ಇಡ್ತಿದ್ದೆ."

ಮೇಡಂ ಒಂದು ಕ್ಷಣ ಕಣ್ಣು ಮುಚ್ಚಿದರು. ತೆರೆದು ರಟ್ಟಿನ ಮೇಲೆ, 'ಕೋನ, ಐದರ ಮಗ್ಗಿ' ಎಂದು ಬರೆದುಕೊಂಡರು.

ಬುಧವಾರ ಸಂಜೆ ಆರಕ್ಕೆ ಕಂಪ್ಯೂಟರುಗಳು ಮತ್ತೆ ಓಡಲು ಶುರುವಾದವು. ಹನ್ನೊಂದು ದಿನ ನಮ್ಮ ಕೈಯಲ್ಲಿ ಇರಲಿಲ್ಲ. ಆದರೆ ಮೇಡಂ ಹೇಳಿದರು, "ಮೊದಲು ಒಂದೊಂದು ತುಂಡಿಗೂ ಲೆಕ್ಕವಿಲ್ಲದಷ್ಟು ಉದ್ದಗಳನ್ನ ಹುಡುಕಬೇಕಿತ್ತು ಸರ್. ಈಗ ಏಳೇ. ಬೇಗ ಮುಗಿಯುತ್ತೆ. ಮುಗಿದಾಗ ಏನಾದರೂ ಸಿಗುತ್ತೋ ಇಲ್ಲವೋ, ಅದು ಬೇರೆ ಮಾತು."

ಗುರುವಾರವೆಲ್ಲ ಏನೂ ಸಿಗಲಿಲ್ಲ. ಇನ್ನೂರನೆಯ ತಲೆಮಾರು ಕಿವುಡು. ಐನೂರನೆಯದು ಅರೆಗಿವುಡು. ಆಮೇಲೆ ಒಂದೇ ಕಡೆ ನಿಂತುಬಿಟ್ಟಿತು; ಮಕ್ಕಳೆಲ್ಲ ಅಪ್ಪನ ಪಡಿಯಚ್ಚು. ಮೇಡಂ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದರು. ನಾನು ಮೂಲೆಯಲ್ಲಿ ಕೂತು, ತುಟಿ ಮಾತ್ರ ಆಡಿಸುತ್ತ, ಗೊತ್ತಿದ್ದ ಸ್ತೋತ್ರಗಳನ್ನೆಲ್ಲ ಹೇಳಿ ಮುಗಿಸಿದೆ. ಆಯದ ಪದ್ಯವನ್ನು ಮಾತ್ರ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾವು ಬರುವಷ್ಟರಲ್ಲಿ ಅಂಕಮ್ಮ ಬಾಗಿಲು ತೆಗೆದು, ಪೊರಕೆ ಹಿಡಿದು ಪರದೆಯ ಮುಂದೆ ನಿಂತಿದ್ದಳು. "ಎತ್ತೈತೆ ಅಂತ ಕಾಣ್ತದೆ ಮೇಡಂ. ಗೆರೆ ಕೆಳಕ್ಕೋಗೈತೆ."

ಒಂಬೈನೂರ ಹದಿನಾಲ್ಕನೆಯ ತಲೆಮಾರು. ಹಿಂದಿನ ಮೂರಕ್ಕಿಂತ ಇದು ಇನ್ನೂ ಕುರೂಪಿ. ನಿದ್ದೆಯಲ್ಲಿ ಕೊಂಬೆ ತಪ್ಪಿ ಬೀಳುತ್ತಿರುವ ಕೊಕ್ಕರೆಯ ಹಾಗೆ ಇತ್ತು. ಗೆರೆ ಮಾತ್ರ ಈ ತುದಿಯಿಂದ ಆ ತುದಿಗೆ ಅಡ್ಡಗೆರೆಯ ಕೆಳಗೇ ಹರಿದಿತ್ತು. ಅದು ಕಂಪ್ಯೂಟರಿನ ಲೆಕ್ಕ. ಹಿಂದಿನ ಮೂರೂ ಸಲ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು.

ನಕ್ಷೆ ಅಂದೇ ಸೋಮನಹಳ್ಳಿ ಸೇರಿತು. ಕೆಂಪರಾಜು ಅದನ್ನು ಉದ್ದಕ್ಕೂ ಓದಿ, ಒಂದೊಂದನ್ನೂ ಎಂಟರಿಂದ ಭಾಗಿಸಿ ನೋಡಿ, "ಈಗ ನಕ್ಸೆ ಅಂದ್ರೆ ನಕ್ಸೆ," ಎಂದನಂತೆ. ಶನಿವಾರ ಆಗದ ದಿನ, ಬೆಸೆಯುವುದಿಲ್ಲ ಎಂದ. ಭಾನುವಾರ ಮಾಡಿ, ಸೋಮವಾರ ಬೆಳಿಗ್ಗೆ ತಾನೇ ತರುತ್ತೇನೆ ಎಂದ.

ಸೋಮವಾರ ಹತ್ತೂಕಾಲಿಗೆ ಪರೀಕ್ಷಕರು ಬಂದರು. ಪ್ರೊಫೆಸರ್ ರವಿಚಂದ್ರ, ತೆಳ್ಳಗೆ, ಮೂಗಿನ ತುದಿಯಲ್ಲಿ ಕನ್ನಡಕ, ಕಾಫಿಯನ್ನೂ ಅನುಮಾನದಿಂದ ಕುಡಿಯುವವರು. ಹತ್ತೂವರೆಗೆ ಕೆಂಪರಾಜು ಬಿಳಿ ಷರಟು ಹಾಕಿಕೊಂಡು, ಆಂಟೆನಾವನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಬಂದ. ಬಿಚ್ಚಿದರೆ ತಳದ ತಾಮ್ರದ ಹಲಗೆಯ ಮೇಲೆ ಕುಂಕುಮದ ಬೊಟ್ಟು. ನಮಗೆ ಒಮ್ಮೆ ಅಳೆದು ನೋಡುವಷ್ಟೂ ಹೊತ್ತಿರಲಿಲ್ಲ.

"ಕೊಡಿ," ಎಂದರು ಪ್ರೊಫೆಸರು. ತಾವೇ ಜೋಡಿಸಿದರು. ಬೊಟ್ಟನ್ನು ನೋಡಿ, ಏನೂ ಕೇಳದೆ, ಗುಂಡಿ ಒತ್ತಿದರು.

ಗೆರೆ ಎಡಗಡೆಯಿಂದ ಹೊರಟಿತು. ಅಡ್ಡಗೆರೆಯ ಕೆಳಗೆ. ಇನ್ನೂ ಕೆಳಗೆ. ನಡುವೆ ಒಂದು ಕಡೆ ಮೇಲೇರತೊಡಗಿತು. ಮೇಡಂ ನನ್ನ ಪಕ್ಕದ ಮೇಜಿನ ಅಂಚನ್ನು ಹಿಡಿದುಕೊಂಡರು. ಅಡ್ಡಗೆರೆಗೆ ಇನ್ನೇನು ತಲೆ ತಾಗಬೇಕು, ಅಷ್ಟರಲ್ಲಿ ತಗ್ಗು ಬಾಗಿಲಲ್ಲಿ ನುಗ್ಗುವವನ ಹಾಗೆ ಬಗ್ಗಿ ಕೆಳಗಿಳಿಯಿತು. ಬಲತುದಿಯವರೆಗೂ ಮತ್ತೆ ಏಳಲಿಲ್ಲ.

ಪ್ರೊಫೆಸರು ಕೇಬಲ್ ಬದಲಾಯಿಸಿದರು. ಯಂತ್ರವನ್ನು ಮೊದಲಿನಿಂದ ಸರಿಹೊಂದಿಸಿದರು. ಮತ್ತೆ ಒತ್ತಿದರು. ಅದೇ ಗೆರೆ.

"ಹ್ಞೂಂ," ಎಂದು ನಕ್ಷೆ ಕೈಗೆತ್ತಿಕೊಂಡರು. "ಐದು, ಹದಿಮೂರು, ಇಪ್ಪತ್ತೊಂದು. ಇದೇನಮ್ಮ, ಫಿಬೊನಾಚಿಯ ಆ ಪ್ರಸಿದ್ಧ ಸರಣಿಯ ಸಂಖ್ಯೆಗಳಾ?" ಅವರ ಮುಖ ಮೊದಲ ಸಲ ಅರಳಿತು. ಮುಂದೆ ಇಪ್ಪತ್ತೊಂಬತ್ತು ಕಂಡು ಮುದುಡಿತು. "ಅಲ್ಲ. ಎಂಟೆಂಟರ ಅಂತರ. ಯಾಕೆ ಈ ಉದ್ದಗಳೇ?"

ಮೇಡಂ ಕೆಂಪರಾಜುವಿನ ಕಡೆ ಒಮ್ಮೆ ನೋಡಿದರು. "ತಯಾರಿಸುವವರ ನಿರ್ಬಂಧ ಸರ್. ಅದನ್ನ ಆಯ್ಕೆಯ ನಿಯಮದೊಳಗೇ ಸೇರಿಸಿದೆ. ಸೇರಿಸದೆ ಮೂರು ಸಲ ಸೋತೆ. ಅವೂ ಪ್ರಬಂಧದಲ್ಲಿವೆ."

"ಎಂಟೆಂಟು ಮಿಲಿಮೀಟರ್ ಬಿಟ್ಟು ನಡುವೆ ಎಲ್ಲೂ ಕತ್ತರಿಸೋಕೆ ಆಗದ ಯಂತ್ರ ಯಾವುದಮ್ಮ ಈ ಕಾಲದಲ್ಲಿ?"

"ಮಿಸೀನ್ದಲ್ಲ ಸ್ವಾಮಿ," ಬಾಗಿಲ ಬಳಿಯಿಂದ ಕೆಂಪರಾಜು ಹೇಳಿದ. "ನಂದು."

ತಡೆಯಲು ಮೇಡಂ ಕೈ ಎತ್ತಿದ್ದು ನಿಜ. ಅವನು ಅಷ್ಟರಲ್ಲಿ ಬಾವುಟದಿಂದ ಶುರು ಮಾಡಿ ಕಾಗೆಯವರೆಗೆ ಬಂದಿದ್ದ. ಆನೆ ಸಿಂಹಗಳ ಜಗಳವನ್ನೂ ಬಿಡಲಿಲ್ಲ. ಈ ಸಲ ಎಂಟನೆಯ ಹೆಸರನ್ನು ಮರೆಯಲಿಲ್ಲ.

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ನಮ್ಮ ಮನೆ ಮುಂಬಾಗಿಲು," ಎಂದರು ಕೊನೆಗೆ, ದನಿ ಇಳಿಸಿ, "ಅಗಲ ನಲವತ್ತೆರಡು ಇಂಚು."

ಕೆಂಪರಾಜು ಮೇಲೆ ನೋಡಿ ಲೆಕ್ಕ ಹಾಕಿದ. "ಎಲ್ಡು ಉಳೀತು. ವೊಗೆ. ಯಾರ್ ಸ್ವಾಮಿ ಕೂರ್ಸಿದ್ದು?"

"ಕಂಟ್ರಾಕ್ಟರು."

"ಅದೇ ಮತ್ತೆ. ಚೌಕಟ್ಟು ಒಂದಿಂಚು ಅಗಲ ಮಾಡ್ಸಿ, ಸಿಂಹ ಆಯ್ತದೆ. ನೀವು ಪರೀಕ್ಸೆ ಮಾಡೋರು, ನಿಮಗೆ ಸಿಂಹನೇ ಸರಿ."

ಪ್ರೊಫೆಸರು ಅದನ್ನು ನಕ್ಷೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು. ಮೇಡಂ ಕಡೆ ತಿರುಗಿದಾಗ ಮತ್ತೆ ಪರೀಕ್ಷಕರಾಗಿದ್ದರು. "ಮಾಡೋನ ಕೈಗೆ ಒಗ್ಗದ ನಕ್ಷೆಗಳನ್ನ ಮೂವತ್ತು ವರ್ಷದಿಂದ ಓದ್ತಾ ಇದ್ದೀನಿ. ಕೈಯನ್ನೂ ಲೆಕ್ಕಕ್ಕೆ ತಗೊಂಡಿದ್ದು ಇದೇ ಮೊದಲು. ಇದನ್ನ ಒಂದು ಅಧ್ಯಾಯವಾಗಿ ಬರೀರಿ. ಒಂದು ಸಣ್ಣ ತಿದ್ದುಪಡಿ ಇದೆ. ಬಸವ ಬಂದಿದ್ದರಿಂದ ಗೆದ್ದಿತೋ, ಅಳತೆ ಕಡಿಮೆ ಇದ್ದದ್ದರಿಂದ ಗೆದ್ದಿತೋ ಗೊತ್ತಾಗಬೇಕಲ್ಲ. ಹೋಲಿಕೆಗೆ ಬೇರೆ ಶೇಷದ್ದೊಂದು ಇರಲಿ. ಕಾಕ ಆಗಬಹುದು. ತೊಂದರೆಯಿಲ್ಲ, ಡಾಕ್ಟರ್ ಪ್ರಿಯಂವದಾ, ಅವಸರವೇನಿಲ್ಲ."

ಮೇಡಂ ಆ ವಾಕ್ಯದ ನಡುವಿನ ಎರಡು ಪದ ಮಾತ್ರ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ. "ಆಗಲಿ ಸರ್," ಎಂದು ಮೂರು ಸಲ ಹೇಳಿ, ಮೂಗೊರೆಸಿಕೊಳ್ಳಲು ಕಿಟಕಿಯ ಕಡೆಗೆ ಹೋದರು.

ಮೆಟ್ಟಿಲಿಳಿಯುವಾಗ ಕೆಂಪರಾಜು ನನ್ನನ್ನು ನಿಲ್ಲಿಸಿದ. "ಸ್ವಾಮಿ, ಆ ಕಾಕಾಯದ್ದು ನಾನ್ ಮಾಡಕ್ಕಿಲ್ಲ. ಮೊದ್ಲೇ ಏಳಿರ್ತೀನಿ."

"ಮತ್ತೆ ಮೇಡಂ ಏನು ಮಾಡಬೇಕು?"

ಅವನು ಯೋಚಿಸಿದ. "ಕಂಪೂಟ್ರೊಳಗೇ ಮಾಡ್ಕಳ್ಳಿ. ಅಲ್ಲಾದ್ರೆ ಯಾರ್ಗೂ ತಾಗಕ್ಕಿಲ್ಲ."

ಪರೀಕ್ಷಕರು ಅದಕ್ಕೆ ಒಪ್ಪಿದರು. ಮರುವಾರ ಮೇಡಂ ಎಂಟು, ಹದಿನಾರು, ಇಪ್ಪತ್ನಾಲ್ಕು ಎಂದು ಕೊಟ್ಟು ಕಂಪ್ಯೂಟರನ್ನು ಎರಡು ದಿನ ಓಡಿಸಿದರು. ಕಾಗೆಯ ಗೆರೆಯೂ ಕೆಳಗೇ ಹರಿಯಿತು. ನಡುವಿನ ಆ ಒಂದು ಕಡೆಯಲ್ಲಿ ಬಸವನಿಗಿಂತ ಒಂದು ಚೂರು ಹೆಚ್ಚೇ ಕೆಳಗೆ. ಅದನ್ನು ಪ್ರಬಂಧದ ನೂರಾ ನಲವತ್ತೆರಡನೆಯ ಪುಟದಲ್ಲಿ ಇದ್ದದ್ದು ಇದ್ದ ಹಾಗೆ ಮುದ್ರಿಸಿದ್ದೇವೆ. ಸೋಮನಹಳ್ಳಿಗೆ ಒಂದು ಪ್ರತಿ ಕೊಡಬೇಕೆಂದು ಮೇಡಂ ಹೇಳಿದಾಗ, ಅವರ ಕೈಯಿಂದ ಅದನ್ನು ಇಸಿದುಕೊಂಡು, ಮೊದಲ ಹಾಳೆಯ ಕೃತಜ್ಞತೆಯಲ್ಲಿ ಕೆಂಪರಾಜುವಿನ ಹೆಸರಿರುವ ಕಡೆ ಒಂದು ತುಳಸಿದಳ ಇಟ್ಟು, ಅವನು ನೂರಾ ನಲವತ್ತೆರಡಕ್ಕೆ ಹೋಗದೆ ಅಲ್ಲೇ ತೆರೆಯುವ ಹಾಗೆ ಮಡಿಸಿ, ನಾನೇ ಬಸ್ಸು ಹತ್ತಿದೆ.